ಮೇಷ್ಟ್ರ ನೋಟ್ಸಿನಲ್ಲಿ ಪೌಂಡ್ ಗುರುತು ಯಾಕೆ ಬಂತು?

ಪ್ರೊಜೆಕ್ಟರ್ ಆನ್ ಆಯ್ತು, ಮೊದಲ ಸ್ಲೈಡು ಬಂತು. 'ಕನ್ನಡ' ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಅದೇ ಗೀಟಿನ ಎ... ಹಿಂದಿನ ಬೆಂಚಿನಿಂದ ನಗು ಶುರುವಾಯ್ತು. ಸುಳ್ಳು ಯಾಕೆ, ನಾವೂ ನಕ್ಕೆವು. ನಮ್ಮ ಕನ್ನಡ ಮೇಷ್ಟ್ರು ಎರಡು ಸಲ ಕೇಬಲ್ ಕಿತ್ತು ಹಾಕಿ ನೋಡಿದರು. ಆಮೇಲೆ "ನನಗೆ ಇದೇ ಸರಿ ಕಣ್ರಪ್ಪಾ" ಅಂತ ಸೀಮೆಸುಣ್ಣ ಎತ್ತಿಕೊಂಡರು. ಮುಂದಿನ ಎರಡು ವಾರ ಅವರ ಪೆನ್‌ಡ್ರೈವ್ ಕ್ಲಾಸಿಗೆ ಬರಲಿಲ್ಲ.

ಅವರು ಸ್ಲೈಡಿಗೆ ಕೈ ಹಾಕಿದ್ದು ಷೋಕಿಗಲ್ಲ. ನಮ್ಮಲ್ಲಿ ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ ಇದೆಯಲ್ಲ, ಆ ಬಳಕೆ ಕನ್ನಡದ ಹುಡುಗರು ಕೇಳಿದ್ದರು: "ಸರ್, ನೋಟ್ಸು ಫೋನಿಗೆ ಕೊಡಿ. ಪದ ಒತ್ತಿದರೆ ಅರ್ಥ ಬರುತ್ತೆ, ಓದಿಯೂ ಹೇಳುತ್ತೆ." ಮೆಸ್ಸಿನಲ್ಲಿ ಅನ್ನ ಕೇಳೋಕೂ ತಡವರಿಸುವ ಹುಡುಗರು ಅವರು. ಮೇಷ್ಟ್ರು ಹದಿನೆಂಟು ವರ್ಷದಿಂದ ಟೈಪ್ ಮಾಡಿಟ್ಟ ನೋಟ್ಸು ಅವರಿಗೆ ತಲುಪಲೇ ಇಲ್ಲ.

ಸರಿ, ಮೇಷ್ಟ್ರಿಗೆ ಕಂಪ್ಯೂಟರ್ ಕಲಿಸೋಣ ಅಂತ ನಾವು ನಾಲ್ಕು ಜನ ಸ್ಟಾಫ್ ರೂಮಿಗೆ ಹೋದೆವು. ಅವರು ನುಡಿ ತೆರೆದು, ಕೀಲಿಮಣೆ ನೋಡದೆ, ನಮ್ಮ ಜೊತೆ ಮಾತಾಡುತ್ತಲೇ ಒಂದು ಪುಟ ಹೊಡೆದರು. ಫೋನಿನಲ್ಲಿ ಕನ್ನಡ ಬರೆಯೋಕೆ ಒದ್ದಾಡುವ ನಮಗೆ ಬಾಯಿ ಕಟ್ಟಿತು. ಇವರಿಗೆ ಟೈಪಿಂಗ್ ಕಲಿಸುವ ಯೋಗ್ಯತೆ ನಮಗಿಲ್ಲ. ಹಾಗಾದ್ರೆ ಕೆಟ್ಟಿದ್ದು ಏನು?

ಹಳೆಯ ನುಡಿ ಕಡತದಲ್ಲಿ ಕನ್ನಡ ಅಕ್ಷರಗಳು ಇರುವುದೇ ಇಲ್ಲ. ಇರುವುದು ಅಕ್ಷರಗಳ ಆಕಾರದ ತುಂಡುಗಳು. 'ಕನ್ನಡ' ಅನ್ನೋದು ಅಲ್ಲಿ 80, 192, 163, 192, 223, 113, 192 ಎಂಬ ಏಳು ಸಂಖ್ಯೆ. ಬೇರೆ ಎಲ್ಲ ಕಡೆ 80 ಅಂದರೆ ಇಂಗ್ಲಿಷಿನ ಪಿ, 163 ಅಂದರೆ ಪೌಂಡ್. ನುಡಿ ಫಾಂಟು ಮಾತ್ರ ಆ ಜಾಗಗಳಲ್ಲಿ ಕ, ನ ಆಕಾರದ ತುಂಡು ಕೂರಿಸಿಕೊಂಡಿದೆ. ಫಾಂಟು ಇದ್ದರೆ ಕನ್ನಡ ಕಾಣುತ್ತೆ, ಇಲ್ಲದಿದ್ದರೆ ವೇಷ ಕಳಚಿ ಪಿ, ಪೌಂಡ್ ಹೊರಗೆ ಬರುತ್ತವೆ. (ಇದನ್ನು ಎಲ್ಲರೂ ಆಸ್ಕಿ ಅಂತಾರೆ. ಆಸ್ಕಿ 127ಕ್ಕೇ ಮುಗಿಯುತ್ತೆ ಅಂತ ಫಸ್ಟ್ ಇಯರಿನಲ್ಲಿ ಓದಿದವರು ದಯವಿಟ್ಟು ಜಗಳಕ್ಕೆ ಬರಬೇಡಿ.) ಮೇಷ್ಟ್ರ ಟೇಬಲ್ಲಿನ ಕಂಪ್ಯೂಟರಿನಲ್ಲಿ ಫಾಂಟು ಇತ್ತು, ಕ್ಲಾಸಿನದರಲ್ಲಿ ಇರಲಿಲ್ಲ, ಅಷ್ಟೇ.

ನಾವು ಮೊದಲು ಮಾಡಿದ್ದು ಸೋಮಾರಿ ಕೆಲಸ. ಕ್ಲಾಸಿನ ಕಂಪ್ಯೂಟರಿಗೂ ಫಾಂಟು ಹಾಕಿದೆವು. ಪರದೆ ಮೇಲೆ ಕನ್ನಡ ಬಂತು, ಫೋನಿನಲ್ಲಿ ಬರಲಿಲ್ಲ. ಪಿಡಿಎಫ್ ಮಾಡಿದೆವು. ಫಾಂಟು ಅದರೊಳಗೇ ಕೂತಿರೋದ್ರಿಂದ ನೋಡೋಕೆ ಚೆಂದ ಕಂಡಿತು, ಆದರೆ ಪದ ಕಾಪಿ ಮಾಡಿ ನಿಘಂಟಿಗೆ ಹಾಕಿದರೆ ಮತ್ತೆ ಪಿ, ಪೌಂಡ್. ಬಳಕೆ ಕನ್ನಡದ ಹುಡುಗರಿಗೆ ಬೇಕಿದ್ದದ್ದು ಚಿತ್ರವಲ್ಲ, ಪದ.

ಆಗ ಯುನಿಕೋಡಿಗೆ ಬಂದೆವು. ಅದರಲ್ಲಿ ಕನ್ನಡಕ್ಕೇ ಅಂತ 3200ರಿಂದ 3327ರವರೆಗೆ 128 ಜಾಗ ಮೀಸಲು. ಕ ಅಂದರೆ 3221, ನ 3240, ಒತ್ತು ತರುವ ಅರ್ಧಾಕ್ಷರ ಚಿಹ್ನೆ 3277, ಡ 3233. 'ಕನ್ನಡ' ಅಂದರೆ ಕ, ನ, ಆ ಚಿಹ್ನೆ, ನ, ಡ, ಒಟ್ಟು ಐದು. ನ ಕೆಳಗೆ ನ ಒತ್ತು ಚಿತ್ರವಾಗಿ ಹೇಗೆ ಕೂರಬೇಕು ಅನ್ನೋದು ಕಡತದ ತಲೆನೋವಲ್ಲ, ತೋರಿಸುವ ತಂತ್ರಾಂಶದ್ದು.

ಈಗ ಮೇಷ್ಟ್ರ ಕೈ ನೋಡಿ. ಅವರು 'ಕನ್ನಡ' ಟೈಪ್ ಮಾಡೋಕೆ ಒತ್ತುವುದು ಕೆ, ಎನ್, ಎಫ್, ಎನ್, ಡಬ್ಲ್ಯೂ. ಅದೂ ಐದೇ, ಅದೇ ಕ್ರಮ! ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ನಾವು ಉಚ್ಚರಿಸುವ ಕ್ರಮದಲ್ಲಿದೆ. ಯುನಿಕೋಡ್ ಅಂದರೆ ಬೆರಳು ಮತ್ತೆ ಪಳಗಿಸಬೇಕು ಅಂತ ಮೇಷ್ಟ್ರು ಹೆದರಿದ್ದರು, ಏನೂ ಬೇಕಾಗಲಿಲ್ಲ. ಹೊಸ ನುಡಿಯಲ್ಲಿ ಯುನಿಕೋಡ್ ಇದೆ. ಲ್ಯಾಬಿನ ಲಿನಕ್ಸ್ ಯಂತ್ರದಲ್ಲಿ ಕಗಪ ಅಂತ ಆಯ್ಕೆ ಮಾಡಿದರೆ ಅದೇ ಕೀಲಿಗಳು. "ಮೊದಲೇ ಹೇಳಬಾರದೇನ್ರೋ?" ಅಂದರು. ಮೊದಲು ನಮಗೂ ಗೊತ್ತಿರಲಿಲ್ಲ.

ಹಳೆಯ ನೋಟ್ಸು ಬದಲಿಸುವುದು ಮಾತ್ರ ನಿಜಕ್ಕೂ ಕಾಡಿತು. ಪರಿವರ್ತಕಗಳು ಸಿಗುತ್ತವೆ, ಆದರೆ ಒಂದಕ್ಕೊಂದು ಬದಲಿಸಿದರೆ ಮುಗಿಯೋ ಕೆಲಸವಲ್ಲ ಇದು. ಹಳೆ ನುಡಿಯಲ್ಲಿ ಮ ಅಂದರೆ ವ ತುಂಡಿಗೆ ಕೊಂಬಿನ ಬಾಲ. ಯ ಶುರುವಾಗೋದೇ ಸೊನ್ನೆಯಿಂದ. ಉದ್ದದ ತುಂಡುಗಳನ್ನು ಮೊದಲು ಹುಡುಕದಿದ್ದರೆ ಯ ಜಾಗದಲ್ಲಿ ಅನುಸ್ವಾರ ಬಂದು ಕೂರುತ್ತೆ. ಅರ್ಕಾವತ್ತು ಇನ್ನೂ ತಂಟೆ. 'ಸೂರ್ಯ' ಅನ್ನುವಾಗ ರ ಮೊದಲು, ಯ ಆಮೇಲೆ. ಕಣ್ಣಿಗೆ ಕಾಣೋದು ಯ ಮೊದಲು, ಆಮೇಲೆ ಅರ್ಕಾವತ್ತು. ಹಳೆ ಕಡತ ಕಣ್ಣಿನ ಕ್ರಮದಲ್ಲಿದೆ, ಯುನಿಕೋಡ್ ಬಾಯಿಯ ಕ್ರಮದಲ್ಲಿ. ಅದನ್ನು ಹಿಂದಕ್ಕೆ ದಾಟಿಸಬೇಕು, ಎಷ್ಟು ಹಿಂದಕ್ಕೆ ಅನ್ನೋದು ನಡುವೆ ಒತ್ತಿದೆಯಾ ಅನ್ನೋದರ ಮೇಲೆ ಹೋಗುತ್ತೆ.

ನೋಟ್ಸಿನ ನಡುವೆ ಬರುವ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರ ಆದವು. ಅದಕ್ಕೆ ದಾರಿ ಕಡತದೊಳಗೇ ಇತ್ತು. ಈಗಿನ ವರ್ಡ್ ಕಡತ ಅಂದರೆ ಒಂದು ಜಿಪ್, ಒಳಗೆ ಎಕ್ಸ್‌ಎಂಎಲ್. ಪ್ರತಿ ತುಣುಕಿಗೂ ಫಾಂಟಿನ ಹೆಸರು ಬರೆದಿರುತ್ತೆ. ನುಡಿ ಅಂತ ಇರುವ ತುಣುಕನ್ನಷ್ಟೇ ಬದಲಿಸುವ ಪೈಥಾನ್ ಸ್ಕ್ರಿಪ್ಟು ಬರೆದೆವು. ತಪ್ಪು ಹುಡುಕಿದ್ದು ಮಾತ್ರ ಮೇಷ್ಟ್ರೇ. ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕೊಡೋರು, ಥೇಟ್ ನಮ್ಮ ಇಂಟರ್ನಲ್ಸ್ ಪೇಪರಿನ ಹಾಗೆ. ಒಂದು ಪುಟದ ಮೂಲೆಯಲ್ಲಿ "ಮತ್ತೆ ಪ್ರಯತ್ನಿಸಿ" ಅಂತಲೂ ಇತ್ತು.

ಹೋದ ತಿಂಗಳು ಪ್ರೊಜೆಕ್ಟರ್ ಮತ್ತೆ ಆನ್ ಆಯ್ತು. ಬಳಕೆ ಕನ್ನಡದ ಒಬ್ಬ ಹುಡುಗ ನೋಟ್ಸಿನ 'ಊಟ' ಪದವನ್ನು ಫೋನಿನಲ್ಲಿ ಒತ್ತಿದ, ಅದು ಓದಿ ಹೇಳಿತು. ಮೇಷ್ಟ್ರು ಪಕ್ಕ ನಿಂತು ಇನ್ನೊಂದು ಸಲ ಒತ್ತಿಸಿದರು. ಆಮೇಲೆ, "ಉಚ್ಚಾರಣೆ ಸುಮಾರಾಗಿದೆ, ನನ್ನದು ಕೇಳಿ" ಅಂತ ತಾವೇ ಹೇಳಿಕೊಟ್ಟರು.

ಇನ್ನು ಎರಡು ಪಾಠದ ನೋಟ್ಸು ಬಾಕಿ ಇದೆ. ಅವು ಫ್ಲಾಪಿಯಲ್ಲಿವೆ. ಯಾರ ಹತ್ರವಾದರೂ ಕೆಲಸ ಮಾಡುವ ಫ್ಲಾಪಿ ಡ್ರೈವ್ ಇದ್ದರೆ ಸಂಘದ ಕೋಣೆಗೆ ತನ್ನಿ, ಸಂಜೆ ಐದರ ಮೇಲೆ ನಾವು ಅಲ್ಲೇ ಇರ್ತೀವಿ.