ಬಿಡದೆ ಸುರಿದ ಮಳೆಯ ನಂತರದ ದಿನಗಳು

ಗುಡುಗು-ಮಳೆಯಲ್ಲಿ ಗಾಳಿಯಿಂದಾಗುವ ಹಾನಿ ಬೇರೆ, ನೀರಿನಿಂದಾಗುವ ಹಾನಿ ಬೇರೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ, ಮೋಡದೊಳಗೆ ತಂಪಾಗಿ ಭಾರವಾದ ಗಾಳಿಯು ಒಮ್ಮೆಲೇ ಕೆಳಗಿಳಿದು ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಕೆಲವೇ ನಿಮಿಷಗಳಲ್ಲಿ ತಗಡು ಹಾರುತ್ತದೆ, ವಿದ್ಯುತ್ ಕಂಬ ಉರುಳುತ್ತದೆ. ಈ ಹಾನಿ ಕೂಡಲೇ ಕಣ್ಣಿಗೆ ಬೀಳುವುದು. ಹರಿದ ತಂತಿಯ ಬಳಿ ಯಾರೂ ಸುಳಿಯದಂತೆ ಕಾವಲಿರಿಸಿ ಹೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸುವುದು ಸದಸ್ಯರ ಮೊದಲ ಕೆಲಸ.

ನಿಧಾನವಾಗಿ ಚಲಿಸುವ ವಾಯುಭಾರ ಕುಸಿತವಾದರೋ ಒಂದೇ ಸೀಮೆಯ ಮೇಲೆ ದಿನಗಟ್ಟಲೆ ತಂಗುತ್ತದೆ. ಕಡಲಿನ ತೇವಾಂಶ ಬರುತ್ತಲೇ ಇರುವುದರಿಂದ ಅದೇ ಊರುಗಳ ಮೇಲೆ ಮಳೆ ಸುರಿಯುತ್ತಲೇ ಇರುತ್ತದೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕ ಕಂಡದ್ದು ಇಂಥ ಮಳೆಯನ್ನೇ. ಆಗ 200ಕ್ಕೂ ಹೆಚ್ಚು ಜನ ಅಸುನೀಗಿದರು. ಮನೆಯ ಗೋಡೆ ಕುಸಿದು ಮಡಿದವರೂ ಅವರಲ್ಲಿದ್ದರು.

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂತಹ ಗ್ರಾಮಗಳು ಹೆಚ್ಚು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಮಣ್ಣಿನ ಗೋಡೆ ಬುಡದಿಂದ ನೀರು ಹೀರಿ ಮೆತ್ತಗಾಗುತ್ತದೆ. ಮಣ್ಣಿನ ಮಾಳಿಗೆ ನೆನೆದು ಅದೇ ಗೋಡೆಯ ಮೇಲೆ ಭಾರ ಹೇರುತ್ತದೆ. ಮಳೆ ನಿಂತು ಬಿಸಿಲು ಬಿದ್ದಾಗ ಮಣ್ಣು ಒಣಗಿ ಬಿರುಕು ಬಿಡುವುದರಿಂದ, ಮೂರು ದಿನ ನಿಂತ ಗೋಡೆ ನಾಲ್ಕನೆಯ ದಿನ ಬೀಳಬಹುದು. ಆದರೆ ಜನರು ಸಾಮಾನ್ಯವಾಗಿ ಮನೆಗೆ ಮರಳುವುದು ಆ ಹೊತ್ತಿನಲ್ಲಿಯೇ. ಗೋಡೆ ಉಬ್ಬಿದ್ದರೆ, ಬಾಗಿಲು ಬಿಗಿಯಾಗಿದ್ದರೆ, ತೊಲೆ ಜರುಗಿದ್ದರೆ ಆ ಕುಟುಂಬವನ್ನು ಇನ್ನೂ ಕೆಲವು ರಾತ್ರಿ ಶಾಲೆಯಲ್ಲಿಯೇ ಉಳಿಸಿಕೊಳ್ಳುವುದು ಒಳಿತು. ಒಪ್ಪಿಸುವುದು ಸುಲಭವಲ್ಲ, ದನಕರುಗಳಿಗೂ ಜಾಗ ಮಾಡಿಕೊಟ್ಟರೆ ಅರ್ಧ ಕೆಲಸ ಆದಂತೆ.

ಮಲಪ್ರಭೆಯ ದಂಡೆಯಲ್ಲಿ ಆಕಾಶ ತಿಳಿಯಾದುದನ್ನು ನಂಬುವಂತಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಡೆ ಸುರಿದ ಮಳೆ ನವಿಲುತೀರ್ಥ ಜಲಾಶಯ ತುಂಬಿಸಿದ ಬಳಿಕ ಕೆಳಗೆ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ರಾಮದುರ್ಗ ಪಟ್ಟಣಕ್ಕೆ ನೀರು ನುಗ್ಗಿದ್ದು ಹಾಗೆಯೇ.

ಪರಿಹಾರದ ವಿಷಯದಲ್ಲಿ, 2022-26ರ ಕೇಂದ್ರ ಮಾನದಂಡದಂತೆ ಬಯಲುಸೀಮೆಯಲ್ಲಿ ಪೂರ್ಣ ಹಾನಿಯಾದ ಮನೆಗೆ 1.20 ಲಕ್ಷ ರೂ. ನಿಗದಿಯಾಗಿತ್ತು. ಭಾಗಶಃ ಹಾನಿ ಕನಿಷ್ಠ ಶೇ 15, ಬೆಳೆಹಾನಿ ಕನಿಷ್ಠ ಶೇ 33 ಇರಬೇಕೆಂಬ ಷರತ್ತೂ ಇತ್ತು. ತಡವಾಗಿ ಬಿದ್ದ ಗೋಡೆಗೆ ಮಳೆಯೇ ಕಾರಣವೆಂದು ತೋರಿಸುವುದು ಕಷ್ಟ. ಆದುದರಿಂದ ಮಳೆ ನಿಂತ ದಿನವೇ ಬಿರುಕುಗಳ ಚಿತ್ರ ತೆಗೆದು, ದಿನಾಂಕ ಸಹಿತ ಗ್ರಾಮ ಆಡಳಿತ ಅಧಿಕಾರಿ ಹಾಗೂ ಪಿಡಿಒ ಅವರಿಗೆ ಬರವಣಿಗೆಯಲ್ಲಿ ತಿಳಿಸತಕ್ಕದ್ದು. ಪಂಚನಾಮೆಗೆ ಮೊದಲು ಅವಶೇಷ ತೆಗೆಯಬೇಕಾಗಿ ಬಂದರೆ, ತೆಗೆಯುವ ಮುನ್ನ ನಾಲ್ಕೂ ದಿಕ್ಕಿನಿಂದ ಚಿತ್ರ ಇರಲಿ.