ದಿಲ್ಲಿಯ ಏರಿ, ದಿಲ್ಲಿಯ ತೂಬು

ಸಾಕೇತದ ಮಾಲ್‌ಗಳ ಎದುರು ರಸ್ತೆ ದಾಟಿದರೆ ಖಿಡ್ಕಿ ಗ್ರಾಮ. ಅದರ ಮಗ್ಗುಲಲ್ಲಿದೆ ಸತ್‌ಪುಲಾ. ಸಾಲು ಕಮಾನು ಕಂಡವರು ಹಳೆಯ ಸೇತುವೆ ಎಂದು ಮುಂದೆ ಸಾಗುತ್ತಾರೆ. ನಿಜಕ್ಕೂ ಅದು ನೀರು ಕಟ್ಟಿ ನಿಲ್ಲಿಸಿದ ಒಡ್ಡು.

14ನೇ ಶತಮಾನದಲ್ಲಿ ಮೊಹಮ್ಮದ್ ಬಿನ್ ತುಘಲಕ್ ಜಹಾನ್‌ಪನಾಹ್ ನಗರಕ್ಕೆ ಕೋಟೆ ಹಾಕಿಸಿದಾಗ ಅದರ ಗೋಡೆಗೆ ಸೇರಿದಂತೆ ಇದನ್ನೂ ಕಟ್ಟಿಸಿದ. ದಂಡು ಬಂದರೆ ತಡೆಯಬೇಕಾದ ಗೋಡೆಗೇ ಹಳ್ಳದ ನೀರನ್ನು ತಡೆದು ಹೊಲಕ್ಕೆ ಬಿಡುವ ಕೆಲಸವೂ ಬಿತ್ತು. ಕಮಾನುಗಳ ಪಕ್ಕದ ಕಲ್ಲಿನಲ್ಲಿ ಮೇಲಿಂದ ಕೆಳಕ್ಕೆ ಕೊರೆದ ಸೀಳುಗಳು ಇಂದಿಗೂ ಕಾಣುತ್ತವೆ. ಬಾಗಿಲುಗಳು ಏರಿ ಇಳಿಯುತ್ತಿದ್ದದ್ದು ಇವುಗಳಲ್ಲೇ. ನಮ್ಮ ಕಡೆ ನೀರುಗಂಟಿ ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಹರಿಸಿದಂತೆ ಇಲ್ಲೂ ಯಾರೋ ದಿನವೂ ಈ ಬಾಗಿಲು ಎತ್ತಿರಬೇಕು. ದಿಲ್ಲಿಯ ಸುಲ್ತಾನರ ಕಾಲದ ರೈತನ ಬದುಕಿಗೆ ಇಷ್ಟು ಹತ್ತಿರ ನಿಲ್ಲಿಸುವ ಜಾಗ ಈ ನಗರದಲ್ಲಿ ಬಹಳ ಇಲ್ಲ.

ತುಘಲಕಾಬಾದಿನಲ್ಲೂ ಹೀಗೇ. ಸುಲ್ತಾನ ಘಿಯಾಸುದ್ದೀನ್ ತುಘಲಕನ ಗೋರಿ ನೋಡಲು ಜನ ಬರುತ್ತಾರೆ. ಅದರ ಸುತ್ತಲಿನ ತಗ್ಗನ್ನು ಯಾರೂ ನೋಡುವುದಿಲ್ಲ. ಆ ತಗ್ಗು ಒಂದು ಕಾಲದ ಕೆರೆಯಂಗಳ. ಗೋರಿ ನೀರಿನ ನಡುವೆ ಇತ್ತು, ಕೋಟೆಯಿಂದ ಅಲ್ಲಿಗೆ ಕಮಾನಿನ ಕಾಲುದಾರಿ ಇತ್ತು. ಆ ದಾರಿಯನ್ನು ಈಗ ಮೆಹ್ರೌಲಿ–ಬದರ್‌ಪುರ ರಸ್ತೆ ಕತ್ತರಿಸಿಕೊಂಡು ಹೋಗಿದೆ. ನೀರು ಹಿಡಿದಿಟ್ಟಿದ್ದ ಏರಿ ಎದುರಿನ ಆದಿಲಾಬಾದ್ ಕೋಟೆಯ ಕಡೆಗೆ ಚಾಚಿದೆ. ತುಘಲಕಾಬಾದ್ ಕೋಟೆಯ ಒಳಗೆ ಕುರುಚಲು ಗಿಡಗಳ ನಡುವೆ ಹಳೆಯ ಊರಿನ ಬೀದಿ, ಮನೆಗಳ ಬುನಾದಿ ಉಳಿದಿವೆ. ಸಂಶೋಧಕರಾದ ಮೆಹ್ರ್‌ದಾದ್ ಮತ್ತು ನಟಾಲಿ ಶೊಕೂಹಿ ಅವುಗಳನ್ನು ಅಳೆದು ಊರಿನ ನಕ್ಷೆಯನ್ನೇ ಬಿಡಿಸಿಟ್ಟರು.

ಕೆರೆ ಬತ್ತಿದರೆ ಏನಾಗುತ್ತಿತ್ತು? ಫಿರೋಜ್ ಷಾ ತುಘಲಕ್ ತನ್ನ ಕೆಲಸಗಳನ್ನು ದಾಖಲಿಸಿದ ‘ಫುತೂಹಾತ್’ನಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಅಲಾವುದ್ದೀನ್ ಖಿಲ್ಜಿ ತೋಡಿಸಿದ ಕೆರೆ ಹೂಳು ತುಂಬಿ, ಜನ ಅದರೊಳಗೇ ಬೇಸಾಯ ಮಾಡುತ್ತಿದ್ದರು. ಬಾವಿ ತೋಡಿ ನೀರು ಮಾರುತ್ತಿದ್ದರು. ಇಲ್ತಮಿಷ್ ಕಟ್ಟಿಸಿದ್ದ ಹೌಜ್-ಇ-ಶಂಸಿಗೆ ನೀರು ತರುವ ಕಾಲುವೆಗಳನ್ನು ಕೆಲವರು ಮುಚ್ಚಿಯೇ ಬಿಟ್ಟಿದ್ದರು. ಕೆರೆ ಒತ್ತುವರಿಯ ಸುದ್ದಿ ಓದಿ ಬೇಸತ್ತ ಬೆಂಗಳೂರಿಗರಿಗೆ ಇದು ನಿನ್ನೆ ಮೊನ್ನೆಯದೆನಿಸಬಹುದು. ಫಿರೋಜ್ ಕಾಲುವೆ ಬಿಡಿಸಿದ, ಹೂಳೆತ್ತಿಸಿದ, ಅಲಾವುದ್ದೀನನ ಕೆರೆಯ ದಂಡೆಯಲ್ಲೇ ಮದರಸಾ ಕಟ್ಟಿಸಿದ. ಇಂದಿನ ಹೌಜ್ ಖಾಸ್ ಅದೇ. ಮತ್ತೆ ಬತ್ತಿದ್ದ ಆ ಕೆರೆಯಲ್ಲಿ ಈಗ ನಿಂತಿರುವುದು ಸಂಸ್ಕರಿಸಿದ ಚರಂಡಿ ನೀರು.