ಎಳೆಯರ ಮಿದುಳುಗಡ್ಡೆ ಮತ್ತು ವಿಕಿರಣ ಚಿಕಿತ್ಸೆ

ಮಕ್ಕಳಿಗೆ ಬರುವ ಅರ್ಬುದ ರೋಗಗಳಲ್ಲಿ ರಕ್ತದ ಅರ್ಬುದವನ್ನು ಬಿಟ್ಟರೆ ಮಿದುಳಿನ ಗಡ್ಡೆಗಳೇ ಅಧಿಕ. ಆ ಹೆಸರನ್ನು ಕೇಳಿದೊಡನೆಯೇ ತಂದೆತಾಯಿಗಳು ಎದೆಗುಂದುವುದು ಸಹಜ. ಆದರೆ ಇವುಗಳಲ್ಲಿ ಹಲವು ಇಂದು ಅಸಾಧ್ಯ ವ್ಯಾಧಿಗಳಾಗಿ ಉಳಿದಿಲ್ಲ. ಈ ಬದಲಾವಣೆಯಲ್ಲಿ ವಿಕಿರಣ ಚಿಕಿತ್ಸೆಯ ಪಾಲು ದೊಡ್ಡದು.

1895ರಲ್ಲಿ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. 1951ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್ ಯಂತ್ರವು ಚಿಕಿತ್ಸೆಗೆ ಬಂದಿತು. ಪ್ರಬಲ ಕಿರಣಗಳು ಜೀವಕೋಶದ ತಿರುಳನ್ನು ಘಾಸಿಗೊಳಿಸುತ್ತವೆ. ಆರೋಗ್ಯವಂತ ಕೋಶವು ಬಹುಮಟ್ಟಿಗೆ ತನ್ನನ್ನು ತಾನೇ ಸರಿಪಡಿಸಿಕೊಳ್ಳಬಲ್ಲದು. ಗಡ್ಡೆಯ ಕೋಶಕ್ಕೆ ಆ ಸಾಮರ್ಥ್ಯ ಕಡಿಮೆ. ಆದಕಾರಣವೇ ಕಿರಣವನ್ನು ಒಮ್ಮೆಗೇ ನೀಡದೆ, ದಿನಕ್ಕಿಷ್ಟರಂತೆ ವಾರಕ್ಕೆ ಐದು ದಿನ ನೀಡುವುದು ರೂಢಿ.

ಮಗುವಿನ ಮಿದುಳಾದರೋ ಬೆಳೆಯುತ್ತಿರುವ ಅಂಗ. ಗಡ್ಡೆಯನ್ನು ಕೊಲ್ಲುವ ಕಿರಣವೇ ನೆನಪಿನ ಶಕ್ತಿ, ಶ್ರವಣ, ದೇಹದ ಬೆಳವಣಿಗೆ ಇವುಗಳನ್ನು ಕುಂದಿಸಬಹುದು. ಆದುದರಿಂದ ಮೂರು ವರ್ಷದೊಳಗಿನ ಶಿಶುಗಳಿಗೆ ವೈದ್ಯರು ಸಾಧ್ಯವಾದಷ್ಟು ಮಟ್ಟಿಗೆ ಇದನ್ನು ಮುಂದೂಡುತ್ತಾರೆ.

ಕಿರುಮಿದುಳಿನಲ್ಲಿ ಹುಟ್ಟುವ ಮೆಡುಲ್ಲೋಬ್ಲಾಸ್ಟೋಮ ಇದಕ್ಕೆ ಉತ್ತಮ ನಿದರ್ಶನ. ಇದು ಬೆನ್ನುಹುರಿಯ ದ್ರವದ ಮೂಲಕ ಹರಡುವುದರಿಂದ ತಲೆಗೂ ಬೆನ್ನಿಗೂ ಕಿರಣ ನೀಡಬೇಕು. ಹಿಂದೆ ಅದರ ಪ್ರಮಾಣ 36 ಗ್ರೇ ಇದ್ದಿತು. ಗಡ್ಡೆ ಪೂರ್ಣ ತೆಗೆಯಲ್ಪಟ್ಟು, ಬೇರೆಡೆಗೆ ಹರಡದಿದ್ದ ಮಕ್ಕಳಲ್ಲಿ ಔಷಧ ಚಿಕಿತ್ಸೆಯ ಜೊತೆಗೂಡಿ 23.4 ಗ್ರೇ ಸಾಕೆಂದು ಅನುಭವದಿಂದ ತಿಳಿದುಬಂದಿತು. ಅಂತಹ ಮಕ್ಕಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ಚಿಕ್ಕ ಮಕ್ಕಳಲ್ಲಿ ಇನ್ನೂ ತಗ್ಗಿಸಿ 18 ಗ್ರೇ ನೀಡಿ ನೋಡಿದಾಗ ರೋಗ ಮರುಕಳಿಸುವುದು ಹೆಚ್ಚೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕರುಣೆಗೂ ಒಂದು ಮಿತಿ ಉಂಟೆಂಬುದು ಇದರ ಪಾಠ.

ಯಂತ್ರಗಳೂ ಸುಧಾರಿಸಿವೆ. ಎಂ.ಆರ್.ಐ. ಚಿತ್ರವನ್ನು ಆಧರಿಸಿ ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣವನ್ನು ರೂಪಿಸಲಾಗುತ್ತದೆ. ತಲೆ ಅಲುಗದಂತೆ ಮುಖಕ್ಕೆ ಅಚ್ಚಿನ ಕವಚ ತೊಡಿಸುತ್ತಾರೆ. ಕ್ಷ-ಕಿರಣವು ದೇಹವನ್ನು ತೂರಿ ಆಚೆಗೂ ಹೋಗುತ್ತದೆ. ಪ್ರೋಟಾನ್ ಕಣವಾದರೋ ಗೊತ್ತಾದ ಆಳದಲ್ಲಿ ತನ್ನ ಶಕ್ತಿಯ ಬಹುಭಾಗವನ್ನು ಸುರಿದು ಅಲ್ಲಿಯೇ ನಿಲ್ಲುತ್ತದೆ. ಬೆನ್ನಿಗೆ ಚಿಕಿತ್ಸೆ ನೀಡುವಾಗ ಹೃದಯ, ಕರುಳುಗಳು ಇದರಿಂದ ಪಾರಾಗುತ್ತವೆ. ಇದನ್ನು 1946ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ ಸೂಚಿಸಿದನು. ನಮ್ಮ ನೆರೆಯ ಚೆನ್ನೈನಲ್ಲಿ 2019ರಲ್ಲಿ ಈ ಚಿಕಿತ್ಸೆ ಆರಂಭವಾಯಿತು. ಆದರೂ ಮಿದುಳುಕಾಂಡದಲ್ಲಿ ವ್ಯಾಪಿಸುವ ಕೆಲವು ಗಡ್ಡೆಗಳಿಗೆ ವಿಕಿರಣವು ಇಂದಿಗೂ ಕೆಲಕಾಲದ ಉಪಶಮನ ಮಾತ್ರ.

ಕಿರುಗಾವಲಿನಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್. ಅಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯೂ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯೂ ಇವೆ. ಬೆಳಗಿನ ಹೊತ್ತು ತಲೆನೋವು, ಅದರೊಡನೆ ವಾಂತಿ, ನಡೆಯುವಾಗ ತೂರಾಟ, ಹೊಸದಾಗಿ ಕಾಣುವ ಮಾಲುಗಣ್ಣು, ಮಂದದೃಷ್ಟಿ ಇವು ದಿನಗಟ್ಟಲೆ ಮುಂದುವರಿದರೆ ದೃಷ್ಟಿ ತಗಲಿತೆಂದು ನೀವಾಳಿಸಿ ಸುಮ್ಮನಾಗಬಾರದು. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆರು ವಾರಗಳ ಚಿಕಿತ್ಸೆಯ ನಡುವೆ ಮಗು ಚೇತರಿಸಿಕೊಂಡಿತೆಂದು, ಗದ್ದೆಯ ಕೆಲಸ ಬಂದಿತೆಂದು ಊರಿಗೆ ಮರಳುವುದು ಸಲ್ಲದು. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ರೋಗ ಮರಳುವ ಅಪಾಯ ಹೆಚ್ಚು.

ಗುಣವಾಗಿ ಶಾಲೆಗೆ ಬಂದ ಮಗು ನಿಧಾನವಾಗಿ ಬರೆಯಬಹುದು, ಬೇಗ ದಣಿಯಬಹುದು. ಅದು ಸೋಮಾರಿತನವಲ್ಲ. ಅದಕ್ಕೆ ಮುಂದಿನ ಸಾಲಿನ ಮಣೆ, ತುಸು ಹೆಚ್ಚು ಕಾಲಾವಕಾಶ, ಗೆಳೆಯರ ಸ್ನೇಹ ಇವಿಷ್ಟನ್ನು ಒದಗಿಸುವುದು ಉಪಾಧ್ಯಾಯರ ಕರ್ತವ್ಯ. ವೈದ್ಯನು ಉಳಿಸಿಕೊಟ್ಟ ಜೀವಕ್ಕೆ ಬಾಳನ್ನು ಕಟ್ಟಿಕೊಡುವ ಹೊಣೆ ಶಾಲೆಯದು.